ಹವಾಮಾನ ಡಬ್ಬಿ ಸುಳ್ಳು ಹೇಳಿದರೆ ಮೊದಲು ಗಡಿಯಾರ ನೋಡಿ

ಆರಿದ್ರಾ ಮಳೆ ಒಂದೇ ಸಮನೆ ಹೊಯ್ಯುತ್ತಿತ್ತು. ಸೂರಿನ ನೀರು ಹಗ್ಗ ಇಳಿಬಿಟ್ಟ ಹಾಗೆ ಸುರಿಯುತ್ತಿತ್ತು. ಜಗಲಿಯ ಗೋಡೆಗೆ ತೂಗುಹಾಕಿದ ಡಿಸ್‌ಪ್ಲೇಯಲ್ಲಿ ಮಾತ್ರ ಇವತ್ತಿನ ಮಳೆ 0.0 ಮಿಮೀ. ಆಯಿ ಆಚೆ ಈಚೆ ಓಡಾಡುತ್ತಾ ಎರಡು ಸಲ ಅದನ್ನು ನೋಡಿದಳು. ಮೂರನೇ ಸಲ ಹೇಳಿಯೇಬಿಟ್ಟಳು: "ತಮಾ, ಅಂಗಳ ಹೊಳೆ ಆಜು, ನಿನ್ನ ಡಬ್ಬಿಲಿ ಮಳೆನೇ ಇಲ್ಲೆ."

ಕೊಡೆ, ಟಾರ್ಚ್ ಹಿಡಿದು ಹೋಗಿ ಮಳೆ ಅಳೆಯುವ ಬಟ್ಟಲಿನ ಮುಚ್ಚಳ ತೆಗೆದೆ. ಏನೂ ಮುರಿದಿರಲಿಲ್ಲ. ಒಂದು ಜೇಡ ಒಳಗಿನ ಬಟ್ಟಲಿನಿಂದ ಗೋಡೆಗೆ ನಾಲ್ಕೈದು ಎಳೆ ಕಟ್ಟಿತ್ತು, ಅಷ್ಟೇ. ಬಟ್ಟಲು ಅಲುಗಾಡದ ಹಾಗೆ ಹಿಡಿಯಲು ಆ ಎಳೆಗಳೇ ಸಾಕಾಗಿದ್ದವು.

ಶಿರಸಿ ಕಡೆಯ ನಮ್ಮ ಮನೆಗೆ ಈ ಹವಾಮಾನ ಯಂತ್ರ ಬಂದು ಇದು ನಾಲ್ಕನೇ ಮಳೆಗಾಲ. ಹೊರಗೆ ಕಂಬದ ಮೇಲೆ ಬಿಸಿ, ಮಳೆ, ಗಾಳಿ ಅಳೆಯುವ ಸೆನ್ಸರುಗಳು, ಒಳಗೆ ಅವುಗಳ ಸಂಖ್ಯೆ ತೋರಿಸುವ ಡಿಸ್‌ಪ್ಲೇ. ಕಾರವಾರದಲ್ಲಿ ಅಕ್ಕನ ಮನೆಯ ತಾರಸಿಯ ಮೇಲೆ ಇಂಥದ್ದೇ ಇನ್ನೊಂದಿದೆ. ಭಾವ ನನಗಿಂತ ಜಾಸ್ತಿ ಉತ್ಸಾಹಿ. ಹಾಗಾಗಿ ಅಲ್ಲಿನ ಕಂಪ್ಲೇಂಟೂ ನನಗೇ ಬರುತ್ತದೆ. ಒಂದು ಕಾಡಿನ ಪಕ್ಕ, ಒಂದು ಸಮುದ್ರದ ಪಕ್ಕ. ಎರಡಕ್ಕೂ ಬರುವ ಕಾಯಿಲೆ ಬೇರೆ ಬೇರೆ, ಆದರೆ ಹುಡುಕುವ ದಾರಿ ಒಂದೇ. ಯಂತ್ರ ಏನು ತಪ್ಪು ತೋರಿಸುತ್ತಿದೆ ಅಂತ ತಲೆ ಕೆಡಿಸಿಕೊಂಡರೆ ವಾರಗಟ್ಟಲೆ ಸುತ್ತುತ್ತೀರಿ. ಯಾವಾಗ ತಪ್ಪು ತೋರಿಸುತ್ತಿದೆ ಅಂತ ನೋಡಿದರೆ ಸಾಮಾನ್ಯವಾಗಿ ಅರ್ಧ ಗಂಟೆಯಲ್ಲಿ ಕಾರಣ ಸಿಗುತ್ತದೆ. ಇಡೀ ದಿನ ಒಂದೇ ಅಳತೆಯಲ್ಲಿ ತಪ್ಪಿದ್ದರೆ ಸಂಶಯ ಸೆನ್ಸರ್ ಮೇಲೆ. ದಿನದ ಒಂದು ಹೊತ್ತಿಗೆ ಮಾತ್ರ ತಪ್ಪಿದರೆ ಸಂಶಯ ಇಟ್ಟ ಜಾಗದ ಮೇಲೆ. ಹೊತ್ತುಗೊತ್ತಿಲ್ಲದೆ ತಪ್ಪಿದರೆ ಬ್ಯಾಟರಿ, ಸಿಗ್ನಲ್ ಅಥವಾ ಯಾವುದೋ ಜೀವಿ.

ಹಾಗಾಗಿ ಸ್ಕ್ರೂ ಡ್ರೈವರ್ ಹಿಡಿಯುವ ಮುಂಚೆ ಮೊಬೈಲಿನಲ್ಲಿ ಮೂರು ನಾಲ್ಕು ದಿನದ ಗ್ರಾಫ್ ತೆಗೆಯಿರಿ. ಗ್ರಾಫ್ ಇಲ್ಲದ ಸಾದಾ ಯಂತ್ರವಾದರೆ ಒಂದು ಹಳೆ ನೋಟ್‌ಬುಕ್ಕಿನಲ್ಲಿ ಎರಡು ದಿನ ಗಂಟೆಗೊಮ್ಮೆ ಬರೆದಿಟ್ಟರೂ ಸಾಕು.

ಬೆಳಿಗ್ಗೆ ಆರಕ್ಕೇ ಸೆಕೆ

ಇದನ್ನೇ ಮೊದಲು ಹೇಳುತ್ತೇನೆ, ಯಾಕೆಂದರೆ ನಾನು ಜಾಸ್ತಿ ಪೆಟ್ಟು ತಿಂದದ್ದು ಇಲ್ಲೇ. ಡಿಸೆಂಬರ್ ತಿಂಗಳು. ಬೆಳಗಿನ ಜಾವ 15 ಡಿಗ್ರಿ ಇದ್ದದ್ದು ಆರು ಗಂಟೆಗೆ ಸರಿಯಾಗಿ ಏರಲು ಶುರುವಾಗಿ ಆರೂವರೆಗೆ 18 ದಾಟುತ್ತಿತ್ತು. ಏಳೂವರೆಗೆ ಮತ್ತೆ ಇಳಿದು 16. ಆಮೇಲೆ ಬಿಸಿಲು ಬಂದು ಎಲ್ಲರ ಮನೆಯ ಹಾಗೆ ಏರುವುದು. ಸೂರ್ಯ ಹುಟ್ಟುವ ಮುಂಚೆ ಎಲ್ಲಿಂದ ಬಂತು ಈ ಬಿಸಿ? ಸೆನ್ಸರ್ ಹೋಗಿದೆ ಅಂತಲೇ ತೀರ್ಮಾನ ಮಾಡಿ ಹೊಸದಕ್ಕೆ ಆರ್ಡರ್ ಮಾಡುವುದರಲ್ಲಿದ್ದೆ. ಒಂದು ಭಾನುವಾರ ಗ್ರಾಫ್ ನೋಡಿದರೆ ಗುಡ್ಡ ಆರಕ್ಕೆ ಇಲ್ಲ, ಏಳೂವರೆಗೆ ಇದೆ. ಭಾನುವಾರ ನಮ್ಮ ಮನೆಯಲ್ಲಿ ಎಲ್ಲರೂ ಏಳುವುದು ತಡ. ಅಂದರೆ ಬಚ್ಚಲ ಒಲೆಗೆ ಬೆಂಕಿ ಬೀಳುವುದೂ ತಡ! ಹಂಡೆ ಒಲೆಯ ಹೊಗೆ ಹೋಗುವ ಕಿಂಡಿ ಕಂಬದಿಂದ ಎಂಟು ಅಡಿ ದೂರ. ನಾನು ಅಳೆಯುತ್ತಿದ್ದದ್ದು ನಮ್ಮನೆ ಸ್ನಾನದ ನೀರು ಕಾಯುವ ಹೊತ್ತನ್ನು.

ಕಂಬವನ್ನು ಅಂಗಳದ ಆಚೆ ತುದಿಗೆ ಒಯ್ದೆ. ಗುಡ್ಡ ಮಾಯ.

ತಾಪಮಾನದ ತಪ್ಪೆಲ್ಲ ಹೆಚ್ಚುಕಡಿಮೆ ಹೀಗೇ ಹೊತ್ತು ನೋಡಿಕೊಂಡು ಬರುತ್ತದೆ. ಮಧ್ಯಾಹ್ನ ಮಾತ್ರ ನಾಲ್ಕೈದು ಡಿಗ್ರಿ ಜಾಸ್ತಿ, ಮೋಡ ಕವಿದ ದಿನ ಎಲ್ಲ ಸರಿ ಅಂದರೆ ನೇರ ಬಿಸಿಲು ಬೀಳುತ್ತಿದೆ, ಇಲ್ಲವೇ ಸೆನ್ಸರಿನ ಸುತ್ತ ಇರುವ ಬಿಳಿ ತಟ್ಟೆಗಳ ಗೂಡು ಸಾಲುತ್ತಿಲ್ಲ. ಸಂಜೆ ಏಳು ಎಂಟರವರೆಗೂ ಬಿಸಿ ಇಳಿಯದಿದ್ದರೆ ಕೆಳಗೆ ಕಾಂಕ್ರೀಟ್ ಇದೆ ಅಂತ ಅರ್ಥ. ಕಾರವಾರದ ತಾರಸಿಯಲ್ಲಿ ಇದೇ ಆಗಿತ್ತು. ಇಡೀ ದಿನ ಕಾದ ಸ್ಲ್ಯಾಬು ರಾತ್ರಿ ಊಟದ ಹೊತ್ತಿನ ತನಕ ಆ ಬಿಸಿಯನ್ನು ಬಿಡುತ್ತಲೇ ಇರುತ್ತದೆ. ತಗಡಿನ ಮಾಡಿನ ಹತ್ತಿರ ಇಟ್ಟರೆ ಆಟವೇ ಬೇರೆ: ಹಗಲು ಕಾವಲಿ, ಮೋಡವಿಲ್ಲದ ಚಳಿಗಾಲದ ರಾತ್ರಿ ಗಾಳಿಗಿಂತಲೂ ತಣ್ಣಗೆ. ಎರಡೂ ಕಡೆ ತಪ್ಪು.

ವಿಶ್ವ ಹವಾಮಾನ ಸಂಸ್ಥೆ ಹೇಳುವ ಎತ್ತರ ನೆಲದಿಂದ 1.25ರಿಂದ 2 ಮೀಟರ್. ಕೆಳಗೆ ಹುಲ್ಲಿರಬೇಕು, ಸುತ್ತ ಗಾಳಿ ಆಡಬೇಕು. ಹವಾಮಾನ ಕೇಂದ್ರಗಳಲ್ಲಿ ಕಾಣುವ ಜಾಲಂದ್ರದ ಬಿಳಿ ಮರದ ಪೆಟ್ಟಿಗೆ ಇದೆಯಲ್ಲ, ಸ್ಟೀವನ್‌ಸನ್ ಪೆಟ್ಟಿಗೆ, ಅದರ ಬಾಗಿಲು ನಮ್ಮಲ್ಲಿ ಉತ್ತರಕ್ಕೇ ಇರುತ್ತದೆ. ತೆಗೆದಾಗ ಬಿಸಿಲು ಒಳಗೆ ನುಗ್ಗಬಾರದು ಅಂತ. ಮನೆಯ ಯಂತ್ರಕ್ಕೆ ಅಷ್ಟೆಲ್ಲ ಬೇಡ. ಹೂಕುಂಡದ ಅಡಿಗೆ ಇಡುವ ಬಿಳಿ ಪ್ಲಾಸ್ಟಿಕ್ ತಟ್ಟೆ ಏಳೆಂಟು ತಂದು, ಮೇಲಿನದನ್ನು ಬಿಟ್ಟು ಉಳಿದವುಗಳ ನಡುವೆ ತೂತು ಕೊರೆದು, ಎರಡು ಬೆರಳು ಅಂತರ ಬಿಟ್ಟು ಬೋರಲಾಗಿ ಜೋಡಿಸಿ ಉದ್ದ ಬೋಲ್ಟಿನಲ್ಲಿ ಬಿಗಿದರೆ ಒಳ್ಳೆ ಗೂಡೇ ಆಗುತ್ತದೆ. ಒಂದು ಮಾತು: ನಮ್ಮ ಕಡೆ ಮಳೆಗಾಲ ಮುಗಿಯುವಷ್ಟರಲ್ಲಿ ಆ ಬಿಳಿ ಹಸಿರಾಗಿರುತ್ತದೆ. ಪಾಚಿ ಹಿಡಿದ ಗೂಡು ಬಿಸಿಲನ್ನು ಹೀರುತ್ತದೆ. ಅಕ್ಟೋಬರಿನಲ್ಲಿ ಸೋಪು ನೀರು ಹಾಕಿ ತಿಕ್ಕಿ.

ಇಷ್ಟಾಗಿಯೂ ಹಗಲು ರಾತ್ರಿ, ಬಿಸಿಲು ಮೋಡ ನೋಡದೆ ಸದಾ ಒಂದೂವರೆ ಡಿಗ್ರಿ ಜಾಸ್ತಿ ತೋರಿಸುತ್ತಿದ್ದರೆ ಮಾತ್ರ ಸೆನ್ಸರನ್ನು ದೂರಿ. ಇನ್ನೊಂದು ನಂಬಿಕೆಯ ಥರ್ಮಾಮೀಟರನ್ನು ಅದೇ ಗೂಡಿನಲ್ಲಿ, ಸೂರ್ಯ ಹುಟ್ಟುವ ಮುಂಚೆ ಇಟ್ಟು ಹೋಲಿಸಿ. ಆ ಹೊತ್ತಿಗೆ ಬಿಸಿಲಿನ ತಂಟೆ ಇರುವುದಿಲ್ಲ. ಎಷ್ಟು ವ್ಯತ್ಯಾಸ ಬಂತೋ ಅಷ್ಟನ್ನು ಸೆಟ್ಟಿಂಗಿನಲ್ಲಿ ಕಳೆದರೆ ಆಯಿತು.

ಮಳೆ ಬಿದ್ದದ್ದು ಬೇರೆ, ಬರೆದದ್ದು ಬೇರೆ

ನಮ್ಮ ಜಿಲ್ಲೆಯಲ್ಲಿ ಹವಾಮಾನ ಯಂತ್ರ ಕೊಳ್ಳುವುದೇ ಮಳೆಗಾಗಿ ಅಲ್ವಾ. ಅಡಿಕೆಗೆ ಕೊಳೆ ರೋಗ ಬರುವ ಮೊದಲು ಬೋರ್ಡೋ (ಮೈಲುತುತ್ತು, ಸುಣ್ಣದ ದ್ರಾವಣ) ಹೊಡೆಯಬೇಕು. ಹೊಡೆಯಲು ಮಳೆ ಬಿಟ್ಟು ಹೊಳವಾಗಬೇಕು. ಹೊಡೆದ ಮೇಲೆ ಎಷ್ಟು ಮಳೆ ಹೊಯ್ದಿತು ಅಂತ ಗೊತ್ತಿದ್ದರೆ ಮುಂದಿನ ಸುತ್ತಿನ ಯೋಚನೆ ಸುಲಭ. ಹಾಗಾಗಿ ಈ ಭಾಗಕ್ಕೆ ಸ್ವಲ್ಪ ಜಾಸ್ತಿ ಹೊತ್ತು ಕೊಡುತ್ತೇನೆ.

ಮೊದಲು ಒಳಗಿನ ಕೆಲಸ ಗೊತ್ತಿರಲಿ. ಮೇಲಿನ ಆಲಿಕೆಯಿಂದ ಇಳಿದ ನೀರು ಏತದ ಹಾಗೆ ಆಚೀಚೆ ವಾಲುವ ಜೋಡಿ ಬಟ್ಟಲಿಗೆ ಬೀಳುತ್ತದೆ. ಒಂದು ತುಂಬಿದ ಕೂಡಲೇ ವಾಲಿ ಚೆಲ್ಲುತ್ತದೆ, ಇನ್ನೊಂದು ಮೇಲೆ ಬರುತ್ತದೆ. ಪ್ರತಿ ಸಲ ವಾಲುವಾಗ ಅದರ ಬೆನ್ನಿಗಿರುವ ಚಿಕ್ಕ ಅಯಸ್ಕಾಂತ ಒಂದು ಸ್ವಿಚ್ಚಿನ ಎದುರು ಹಾದುಹೋಗುತ್ತದೆ. ಯಂತ್ರ ಎಣಿಸುವುದು ಆ ವಾಲಾಟವನ್ನು. ಒಂದು ವಾಲಾಟಕ್ಕೆ ಕೆಲವು ಯಂತ್ರಗಳಲ್ಲಿ 0.2 ಮಿಮೀ, ಕೆಲವದರಲ್ಲಿ 0.3. ಯಂತ್ರಕ್ಕೆ ಮಳೆ ಗೊತ್ತಿಲ್ಲ, ಟಿಕ್ ಟಿಕ್ ಮಾತ್ರ ಗೊತ್ತು.

ಮಳೆ ಬರುವಾಗಲೇ ಸೊನ್ನೆ ತೋರಿಸಿ, ನಿಂತ ಮೇಲೂ ಸೊನ್ನೆಯೇ ಆದರೆ ಹೀಗೆ ಮಾಡಿ. ಆಲಿಕೆ ಬಿಚ್ಚಿ, ಬಟ್ಟಲನ್ನು ಬೆರಳಲ್ಲಿ ನಿಧಾನ ಹತ್ತು ಸಲ ಆಚೀಚೆ ವಾಲಿಸಿ. ಒಂದೆರಡು ನಿಮಿಷ ಬಿಟ್ಟು ಡಿಸ್‌ಪ್ಲೇ ನೋಡಿ. 0.3ರ ಯಂತ್ರದಲ್ಲಿ 3.0 ಮಿಮೀ ಬಂದಿರಬೇಕು. ಬಂದರೆ ಸ್ವಿಚ್ಚು, ವಯರು, ಸಿಗ್ನಲ್ ಎಲ್ಲ ಸರಿ, ತೊಂದರೆ ನೀರಿನ ದಾರಿಯಲ್ಲಿ. ಬರದಿದ್ದರೆ ಅಯಸ್ಕಾಂತ ಬಿದ್ದುಹೋಗಿದೆಯೋ, ಸ್ವಿಚ್ಚಿಗೆ ನೀರು ಹೋಗಿದೆಯೋ ನೋಡಿ. ನಾನು ಕಂಡ ಹತ್ತರಲ್ಲಿ ಒಂಬತ್ತು ಸಲ ನೀರಿನ ದಾರಿಯೇ. ಜೇಡ, ಇರುವೆ, ಕುಂಬಾರ ಹುಳ ಕಟ್ಟಿದ ಮಣ್ಣಿನ ಗೂಡು, ಹಿಂಗಾರದಿಂದ ಉದುರಿದ ಹೂವು, ಅರೆಕೊಳೆತ ಎಲೆ. ಬೋರ್ಡೋ ಹೊಡೆಯುವ ದಿನ ಆಲಿಕೆಗೆ ಒಂದು ಪ್ಲಾಸ್ಟಿಕ್ ಚೀಲ ಕಟ್ಟುವುದು ಒಳ್ಳೆಯದು. ಸುಣ್ಣ ಹನಿದು ಒಣಗಿದರೆ ಸಣ್ಣ ತೂತು ಕಟ್ಟಿಕೊಳ್ಳುತ್ತದೆ. ಬಿಚ್ಚಲು ಮರೆಯಬೇಡಿ. ನಾನು ಮರೆತಿದ್ದೇನೆ.

ಇನ್ನೊಂದು ಲಕ್ಷಣ ಸ್ವಲ್ಪ ಮೋಸದ್ದು. ಒಟ್ಟು ಮಳೆ ಹೆಚ್ಚುಕಡಿಮೆ ಸರಿಯೇ ಬರುತ್ತದೆ, ಆದರೆ ಮಳೆ ನಿಂತು ಎರಡು ಗಂಟೆಯಾದರೂ ಡಿಸ್‌ಪ್ಲೇಯಲ್ಲಿ ಮಳೆ ಬರುತ್ತಲೇ ಇರುತ್ತದೆ. ಗ್ರಾಫ್ ನೋಡಿ. ನಿಜವಾದ ಮಳೆಯ ಗ್ರಾಫ್ ಗರಗಸದ ಹಲ್ಲಿನ ಹಾಗಿರುತ್ತದೆ: ಜೋರು, ಸಣ್ಣ, ಮತ್ತೆ ಜೋರು. ಇಲ್ಲಿ ಒಂದೇ ಎತ್ತರದ ಚಪ್ಪಟೆ ಗೆರೆ ಕಾಣುತ್ತದೆ. ಅಂದರೆ ಆಲಿಕೆಯ ತೂತು ಅರ್ಧ ಮುಚ್ಚಿದೆ, ನಿಂತ ನೀರು ಸಲೈನ್ ಹನಿಯ ಹಾಗೆ ಜಿನುಗುತ್ತಿದೆ. ಇನ್ನೂ ಜೋರು ಮಳೆ ಬಂದರೆ ಆಲಿಕೆ ತುಂಬಿ ಹೊರಗೆ ಚೆಲ್ಲುತ್ತದೆ, ಆಗ ಒಟ್ಟು ಲೆಕ್ಕವೂ ಹೋಯಿತು. ತೆಂಗಿನ ಹಿಡಿಕಡ್ಡಿಯೊಂದನ್ನು ತೂರಿಸಿ ತೂತು ಬಿಡಿಸಿ.

ಸಲೈನ್ ಅಂದೆನಲ್ಲ, ಅದು ಇನ್ನೊಂದಕ್ಕೂ ಬೇಕು. ಯಾವಾಗಲೂ ಸ್ವಲ್ಪ ಕಡಿಮೆಯೇ ತೋರಿಸುತ್ತದೆ ಅನ್ನುವ ಸಂಶಯ ಇದ್ದರೆ ನೀರು ಬಿಟ್ಟು ಪರೀಕ್ಷೆ ಮಾಡಬೇಕು. ಔಷಧಿ ಅಂಗಡಿಯಲ್ಲಿ ಸಿಗುವ ಸಲೈನ್ ನಳಿಗೆಯ ಸೆಟ್ ಇದಕ್ಕೆ ಹೇಳಿಮಾಡಿಸಿದ್ದು, ಚಕ್ರ ತಿರುಗಿಸಿ ಹನಿ ಹೊಂದಿಸಬಹುದು. ಲೆಕ್ಕ ಸುಲಭ. ಆಲಿಕೆಯ ಬಾಯಿ ಅಳೆಯಿರಿ. ನಮ್ಮದು ಉದ್ದ 11 ಸೆಂಮೀ, ಅಗಲ 5 ಸೆಂಮೀ, ಅಂದರೆ 55 ಚದರ ಸೆಂಮೀ. ಅದರ ಮೇಲೆ 1 ಮಿಮೀ ಮಳೆ ಬಿದ್ದರೆ 5.5 ಎಂಎಲ್ ನೀರು. ಹಾಗಾದರೆ 110 ಎಂಎಲ್ ನೀರಿಗೆ 20 ಮಿಮೀ ಬರಬೇಕು. ದುಂಡು ಬಾಯಿಯಾದರೆ ತ್ರಿಜ್ಯವನ್ನು ಅದರಿಂದಲೇ ಗುಣಿಸಿ, ಮತ್ತೆ 3.14ರಿಂದ ಗುಣಿಸಿ. 110 ಎಂಎಲ್ ನೀರನ್ನು ಅಳೆದು, ಮುಕ್ಕಾಲು ಗಂಟೆಯಲ್ಲಿ ಮುಗಿಯುವಷ್ಟು ನಿಧಾನ ಬಿಟ್ಟೆ. ಬಂದದ್ದು 17.4. ಇಪ್ಪತ್ತನ್ನು 17.4ರಿಂದ ಭಾಗಿಸಿದರೆ 1.15. ಯಂತ್ರದ ಸೆಟ್ಟಿಂಗಿನಲ್ಲಿ ಮಳೆಯ ಗುಣಕ ಹಾಕುವ ಜಾಗವಿದ್ದರೆ ಇದನ್ನೇ ಹಾಕುವುದು.

ಹಾಕುವ ಮುಂಚೆ ರಸಮಟ್ಟ ಇಟ್ಟು ನೋಡಬೇಕಿತ್ತು. ನಾನು ಆಮೇಲೆ ನೋಡಿದೆ. ಕಂಬ ಒಂದು ಕಡೆ ವಾಲಿತ್ತು, ಮಳೆಗಾಲದ ಮೆತ್ತನೆ ಮಣ್ಣು. ನೆಟ್ಟಗೆ ಮಾಡಿ ಮತ್ತೆ ನೀರು ಬಿಟ್ಟರೆ 19.2 ಬಂತು. ಹಾಗಾಗಿ ಮೊದಲು ಮಟ್ಟ, ಆಮೇಲೆ ಗುಣಕ. ಜೋರಾಗಿ ನೀರು ಸುರಿದು ಪರೀಕ್ಷೆ ಮಾಡಲೇಬೇಡಿ. ಬಟ್ಟಲು ವಾಲುತ್ತಿರುವ ಆ ಕ್ಷಣದಲ್ಲಿ ಬೀಳುವ ನೀರು ಲೆಕ್ಕಕ್ಕೆ ಸಿಗುವುದಿಲ್ಲ. ಜಡಿಮಳೆಯಲ್ಲಿ ಇಂಥ ಯಂತ್ರಗಳು ಒಂದಿಷ್ಟು ಕಡಿಮೆ ತೋರಿಸುವುದಕ್ಕೂ ಇದೇ ಕಾರಣ. ಅದು ದೋಷ ಅಲ್ಲ, ಅದರ ಸ್ವಭಾವ.

ಜಾಗದ ಮಾತು. ಮರವೋ ಮನೆಯೋ ಎಷ್ಟು ಎತ್ತರವಿದೆಯೋ ಅದರ ಎರಡರಷ್ಟಾದರೂ ದೂರ ಮಳೆಬಟ್ಟಲು ಇರಬೇಕು. ತೋಟದ ಪಕ್ಕ ಮನೆ ಇರುವವರಿಗೆ ಇದು ನಗು ತರಿಸುವ ಮಾತು. 15 ಮೀಟರ್ ಅಡಿಕೆ ಮರಕ್ಕೆ 30 ಮೀಟರ್ ಎಲ್ಲಿಂದ ತರೋಣ? ಇದ್ದುದರಲ್ಲಿ ಒಳ್ಳೆ ಜಾಗ ಹುಡುಕಲು ನನ್ನ ಉಪಾಯ: ಬಟ್ಟಲು ಇಡುವಲ್ಲಿ ಕುಳಿತು ಕೈ ಪೂರ್ತಿ ಮುಂದೆ ಚಾಚಿ ಮುಷ್ಟಿ ಕಟ್ಟಿ. ಒಂದು ಮುಷ್ಟಿ ಸುಮಾರು 10 ಡಿಗ್ರಿ. ನೇರ ಮುಂದಿನಿಂದ ಮೇಲಕ್ಕೆ ಮುಷ್ಟಿ ಮೇಲೆ ಮುಷ್ಟಿ ಇಡುತ್ತಾ ಹೋದರೆ ಎರಡೂವರೆ ಮುಷ್ಟಿಯೊಳಗೆ ಮರದ ತುದಿ ಮುಗಿಯಬೇಕು. ನಾಲ್ಕು ಮುಷ್ಟಿ ಆಯಿತಾ, ಆ ಕಡೆಯಿಂದ ಓರೆಯಾಗಿ ಬರುವ ಮಳೆ ನಿಮಗೆ ಸಿಗುವುದಿಲ್ಲ. ನಮ್ಮ ಮಳೆಗಾಲದ ಮಳೆ ಬರುವುದು ಜಾಸ್ತಿ ಪಡುವಣ, ನೈರುತ್ಯದ ಕಡೆಯಿಂದ. ಆ ಎರಡು ದಿಕ್ಕಾದರೂ ಬಿಚ್ಚಿರಲಿ.

ಪಕ್ಕದ ಮನೆ ಅಜ್ಜನ ಲೆಕ್ಕಕ್ಕೂ ನನ್ನದಕ್ಕೂ ತಾಳೆ ಆಗದೆ ಒಂದು ವರ್ಷ ಜಗಳವೇ ಆಗಿದೆ. ಅವರು ಮೃಗಶಿರೆಯಿಂದ ಶುರುಮಾಡಿ ನಕ್ಷತ್ರದ ಪ್ರಕಾರ ಪುಸ್ತಕದಲ್ಲಿ ಬರೆಯುತ್ತಾರೆ, ಅದೂ ಇಂಚಿನಲ್ಲಿ. ಒಂದು ಇಂಚಿಗೆ 25.4 ಮಿಮೀ, ಅದು ಸರಿ. ಆದರೂ ದಿನದ ಲೆಕ್ಕ ಹೊಂದುತ್ತಿರಲಿಲ್ಲ. ಎರಡೂ ಕಡೆ ಯಂತ್ರ ಸರಿಯೇ ಇತ್ತು. ಭಾರತೀಯ ಹವಾಮಾನ ಇಲಾಖೆಯ ಮಳೆ ದಿನ ಬೆಳಿಗ್ಗೆ 8.30ರಿಂದ ಮರುದಿನ 8.30. ಅಜ್ಜ ಅದನ್ನೇ ಪಾಲಿಸುತ್ತಾರೆ. ನನ್ನ ಯಂತ್ರದ ದಿನ ನಡುರಾತ್ರಿಗೆ ಮುಗಿಯುತ್ತದೆ. ಸೋಮವಾರ ಸಂಜೆ ಹೊಯ್ದ ಮಳೆ ನನ್ನಲ್ಲಿ ಸೋಮವಾರದ್ದು, ಅಜ್ಜನ ಪುಸ್ತಕದಲ್ಲಿ ಮಂಗಳವಾರ ಬೆಳಗಿನ ಸಾಲು. ಪೇಪರಿನಲ್ಲಿ ಬರುವ ಮಳೆ ಲೆಕ್ಕಕ್ಕೆ ಹೋಲಿಸುವವರು ದಯವಿಟ್ಟು ಇದನ್ನು ಮೊದಲು ನೋಡಿಕೊಳ್ಳಿ. ವಾರದ ಮೊತ್ತ ಹೊಂದಿ ದಿನದ್ದು ಹೊಂದದಿದ್ದರೆ ಬಹುತೇಕ ಇದೇ ಕಾರಣ. ಹಾಗೆಯೇ ಡಿಸ್‌ಪ್ಲೇಯ ಗಡಿಯಾರವನ್ನೂ ಒಮ್ಮೆ ನೋಡಿ. ಹೊರದೇಶದ ಕೆಲವು ಯಂತ್ರಗಳಿಗೆ ಗ್ರೀನಿಚ್ ಸಮಯಕ್ಕೂ ನಮಗೂ ಇರುವ ಐದೂವರೆ ಗಂಟೆಯ ವ್ಯತ್ಯಾಸ ಅರ್ಥವಾಗುವುದಿಲ್ಲ, ಐದು ಅಥವಾ ಆರು ಮಾತ್ರ ಗೊತ್ತು.

ಗಾಳಿ ಉಲ್ಟಾ

ಫೆಬ್ರವರಿಯ ಒಂದು ಮಧ್ಯಾಹ್ನ ಭಾವನ ಫೋನು. "ಮೂರು ಗಂಟೆಗೆ ಪೂರ್ವದಿಂದ ಗಾಳಿ ತೋರಿಸ್ತಾ ಇದೆ ಮಾರಾಯಾ, ಘಟ್ಟದಿಂದ ಇಳೀತಾ ಇದೆ." ಕಾರವಾರದಲ್ಲಿ, ಬಿಸಿಲಿನ ಮೂರು ಗಂಟೆಗೆ! ಸಮುದ್ರ ಇರುವುದು ಪಶ್ಚಿಮಕ್ಕೆ. ಬೇಸಿಗೆಯ ಮಧ್ಯಾಹ್ನ ನೆಲ ಕಾದ ಮೇಲೆ ಗಾಳಿ ಬರುವುದು ಕಡಲ ಕಡೆಯಿಂದ. ರಾತ್ರಿ, ಬೆಳಗಿನ ಜಾವ ನೆಲ ತಣಿದಾಗ ಘಟ್ಟದ ಕಡೆಯಿಂದ ಕಡಲಿಗೆ. ಕರಾವಳಿಯವರಿಗೆ ದಿಕ್ಕು ಪರೀಕ್ಷೆ ಮಾಡಲು ಇದಕ್ಕಿಂತ ಒಳ್ಳೆ ಸಾಧನ ಇಲ್ಲ, ಪುಕ್ಕಟೆ ಬೇರೆ. "ಬೆಳಿಗ್ಗೆ ಎಲ್ಲಿಂದ ತೋರಿಸ್ತು ಭಾವ?" ಅಂದೆ. "ಸಮುದ್ರದಿಂದ" ಅಂದರು. ಹಾಗಾದರೆ ಸರಿಯಾಗಿ 180 ಡಿಗ್ರಿ ತಿರುಗಿದೆ.

ಕಾರಣ ಸೋಲಾರ್ ಫಲಕ. ಎಲ್ಲ ಸೇರಿ ಒಂದೇ ತುಂಡಾಗಿರುವ ಇಂಥ ಯಂತ್ರಗಳಲ್ಲಿ ಫಲಕ ದಕ್ಷಿಣಕ್ಕೆ ಬರುವ ಹಾಗೆ ಕೂರಿಸಬೇಕು, ಆಗ ಮೈಮೇಲಿನ ಬಾಣ ಉತ್ತರಕ್ಕೆ ಬರುತ್ತದೆ. ಭಾವ ನೀರಿನ ಟ್ಯಾಂಕಿನ ನೆರಳು ತಪ್ಪಿಸಲು ಫಲಕವನ್ನು ಉತ್ತರಕ್ಕೆ ತಿರುಗಿಸಿದ್ದರು. ಸ್ಕ್ರೂ ಸಡಿಲಿಸಿ ತಿರುಗಿಸಿದರೆ ಮುಗಿಯಿತು. ಕೆಲವು ಯಂತ್ರಗಳ ಸೆಟ್ಟಿಂಗಿನಲ್ಲಿ ಉತ್ತರ ಗೋಳಾರ್ಧ, ದಕ್ಷಿಣ ಗೋಳಾರ್ಧ ಅಂತ ಇರುತ್ತದೆ, ಅದು ತಪ್ಪಿದ್ದರೂ ಇದೇ ಲಕ್ಷಣ.

ಉತ್ತರ ಹಿಡಿಯಲು ಮೊಬೈಲ್ ದಿಕ್ಸೂಚಿಯನ್ನು ಕಂಬದ ಹತ್ತಿರ ಹಿಡಿಯಬೇಡಿ. ಕಬ್ಬಿಣದ ಪೈಪು, ಸ್ಲ್ಯಾಬಿನೊಳಗಿನ ಸರಳು ಅದರ ತಲೆ ಕೆಡಿಸುತ್ತವೆ. ಮ್ಯಾಪಿನಲ್ಲಿ ನಿಮ್ಮ ಮನೆಗೆ ನೇರ ಉತ್ತರಕ್ಕೆ ಬರುವ ಒಂದು ಟವರ್ರೋ ದೇವಸ್ಥಾನದ ಗೋಪುರವೋ ಹುಡುಕಿ ಅದಕ್ಕೆ ಗುರಿ ಇಡಿ. ಚಳಿಗಾಲದಲ್ಲಿ ಇನ್ನೂ ಸುಲಭ, ಧ್ರುವ ನಕ್ಷತ್ರ ಇದೆ. ಕಾರವಾರದಲ್ಲಿ ಅದು ಉತ್ತರ ದಿಗಂತದಿಂದ ಸುಮಾರು 15 ಡಿಗ್ರಿ ಮೇಲೆ, ನಮ್ಮ ಲೆಕ್ಕದಲ್ಲಿ ಒಂದೂವರೆ ಮುಷ್ಟಿ.

ವೇಗದ ದೂರು ಬಂದರೆ ಮೊದಲು ಯೂನಿಟ್ ನೋಡಿ. ಸೆಕೆಂಡಿಗೆ 1 ಮೀಟರ್ ಅಂದರೆ ಗಂಟೆಗೆ 3.6 ಕಿಮೀ. ಬಿರುಗಾಳಿಗೂ 9, 10 ತೋರಿಸುತ್ತಿದೆ ಅಂದವರ ಯಂತ್ರ ಮೀಟರ್ ಲೆಕ್ಕದಲ್ಲಿತ್ತು ಅಷ್ಟೇ. ಯೂನಿಟ್ ಸರಿಯಿದ್ದರೆ ಗಾಳಿಬಟ್ಟಲಿಗೆ ಬಾಯಿಯಿಂದ ಮೆಲ್ಲಗೆ ಊದಿ. ಸುಲಭವಾಗಿ ತಿರುಗಿ ನಿಧಾನಕ್ಕೆ ನಿಲ್ಲಬೇಕು. ಗಕ್ಕನೆ ನಿಂತರೆ ಬೇರಿಂಗಿನಲ್ಲಿ ಏನೋ ಕೂತಿದೆ. ಕರಾವಳಿಯಲ್ಲಿ ಅದು ಉಪ್ಪು. ಸಿಹಿನೀರಿನಲ್ಲಿ ತೊಳೆದು ಒಣಗಿಸಿ. ತೆಂಗಿನೆಣ್ಣೆ ಬಿಡಬೇಡಿ! ಅಕ್ಕ ಹೊಲಿಗೆ ಮಶೀನಿಗೆ ಬಿಟ್ಟ ಹಾಗೆ ಇದಕ್ಕೂ ಎರಡು ತೊಟ್ಟು ಬಿಟ್ಟಿದ್ದಳು. ಹದಿನೈದು ದಿನದಲ್ಲಿ ಧೂಳು ಸೇರಿ ಅಂಟಾಗಿ ಪೂರ್ತಿ ನಿಂತೇಹೋಯಿತು.

ಅಂದಹಾಗೆ ಗಾಳಿಯನ್ನು ನಿಯಮದ ಪ್ರಕಾರ ಅಳೆಯುವುದು ಬಯಲಿನಲ್ಲಿ, ನೆಲದಿಂದ 10 ಮೀಟರ್ ಎತ್ತರದಲ್ಲಿ. ತೋಟದ ಮನೆಯವರು ಅದನ್ನು ಮರೆತುಬಿಡುವುದೇ ಲೇಸು. ನಮ್ಮ ಅಂಗಳದ ಗಾಳಿಯ ಸಂಖ್ಯೆ ನಮ್ಮ ಅಂಗಳಕ್ಕೆ ಮಾತ್ರ.

ತೇವಾಂಶ 99ಕ್ಕೆ ಅಂಟಿಕೊಂಡಿದೆ

ಜುಲೈನಲ್ಲಿ ಶಿರಸಿಯಲ್ಲಿ ಕುಳಿತು ಈ ದೂರು ಹೇಳಿದರೆ ನಾನು ಕಿವಿಗೆ ಹಾಕಿಕೊಳ್ಳುವುದಿಲ್ಲ. ಹಪ್ಪಳ ಮೆತ್ತಗಾಗುವ, ಚಪ್ಪಲಿಗೆ ಬೂಸಲು ಬರುವ ದಿನಗಳವು. 97, 98, 99 ಇದ್ದರೆ ಇದ್ದದ್ದನ್ನೇ ಹೇಳುತ್ತಿದೆ. ಜನವರಿಯ ಒಣ ಮಧ್ಯಾಹ್ನವೂ 90 ಇಳಿಯದಿದ್ದರೆ ಮಾತ್ರ ಯೋಚನೆ ಮಾಡಿ.

ಪರೀಕ್ಷೆಗೆ ಅಡುಗೆ ಉಪ್ಪು ಸಾಕು. ಬಾಟಲಿಯ ಮುಚ್ಚಳವೊಂದರಲ್ಲಿ ಪುಡಿ ಉಪ್ಪು ತುಂಬಿ, ಕೆಲವೇ ಹನಿ ನೀರು ಹಾಕಿ, ಒದ್ದೆ ಮರಳಿನಷ್ಟು ಹದ ಮಾಡಿ. ಕರಗಿ ನೀರಾಗಬಾರದು. ಗಾಳಿಯಾಡದ ಡಬ್ಬದಲ್ಲಿ ಆ ಮುಚ್ಚಳವನ್ನೂ ಸೆನ್ಸರನ್ನೂ ಒಂದಕ್ಕೊಂದು ತಾಗದ ಹಾಗೆ ಇಟ್ಟು, ರಾತ್ರಿಯಿಡೀ ಬಿಸಿಲು ಬೆಂಕಿ ಇಲ್ಲದ ಕಡೆ ಬಿಡಿ. ಉಪ್ಪಿನ ಮೇಲಿನ ಗಾಳಿಯ ತೇವಾಂಶ ತಾನಾಗಿ 75ಕ್ಕೆ ಬಂದು ನಿಲ್ಲುತ್ತದೆ. ಬೆಳಿಗ್ಗೆ 73ರಿಂದ 77ರೊಳಗೆ ತೋರಿಸಿದರೆ ಸೆನ್ಸರ್ ಚೆನ್ನಾಗಿದೆ. 82 ತೋರಿಸಿದರೆ ಸೆಟ್ಟಿಂಗಿನಲ್ಲಿ 7 ಕಳೆಯಿರಿ. 99ರಿಂದ ಕದಲದಿದ್ದರೆ ಅದು ಹೋಯಿತು, ಹೊಸದು ತನ್ನಿ.

ದಿನಾ ಮಧ್ಯಾಹ್ನ ಮಳೆಯ ಚಿತ್ರ

ಬಿಸಿಲು ಕಾಯುತ್ತಿದ್ದರೂ ನಾಲ್ಕು ಗಂಟೆಯ ಹೊತ್ತಿಗೆ ಡಿಸ್‌ಪ್ಲೇಯಲ್ಲಿ ಮೋಡ, ಮಳೆಹನಿಯ ಚಿತ್ರ ಬರುತ್ತದೆ. ರಾತ್ರಿ ಹತ್ತಕ್ಕೆ ಮತ್ತೆ ಸೂರ್ಯ. ಕೆಟ್ಟಿಲ್ಲ. ಉಷ್ಣವಲಯದಲ್ಲಿ ಗಾಳಿಯ ಒತ್ತಡಕ್ಕೂ ಸಮುದ್ರದ ಹಾಗೆ ದಿನಕ್ಕೆ ಎರಡು ಸಲ ಏರಿಳಿತ ಇದೆ. ಬೆಳಿಗ್ಗೆ ಹತ್ತು ಮತ್ತು ರಾತ್ರಿ ಹತ್ತರ ಸುಮಾರಿಗೆ ಏರುತ್ತದೆ, ಎರಡೂ ಹೊತ್ತಿನ ನಾಲ್ಕರ ಸುಮಾರಿಗೆ ಇಳಿಯುತ್ತದೆ. ಒತ್ತಡ ಇಳಿದರೆ ಮಳೆ ಅನ್ನುವುದು ತಣ್ಣನೆ ದೇಶಗಳ ಲೆಕ್ಕ. ಯಂತ್ರಕ್ಕೆ ಕಲಿಸಿದವರು ಅದನ್ನೇ ಕಲಿಸಿದ್ದಾರೆ. ಆ ಚಿತ್ರವನ್ನು ನಾನು ನೋಡುವುದೇ ಬಿಟ್ಟಿದ್ದೇನೆ.

ಒತ್ತಡದ ಸಂಖ್ಯೆಯೇ ತೀರಾ ಕಡಿಮೆ ಅನ್ನಿಸಿದರೆ ಎತ್ತರ ನೆನಪಿಸಿಕೊಳ್ಳಿ. ಸುಮಾರು 9 ಮೀಟರ್ ಏರಿದ ಹಾಗೆ ಒತ್ತಡ 1 ಹೆಕ್ಟೊಪ್ಯಾಸ್ಕಲ್ (ಗಾಳಿಯ ಒತ್ತಡದ ಅಳತೆ) ಇಳಿಯುತ್ತದೆ. ಶಿರಸಿ ಸಮುದ್ರಮಟ್ಟದಿಂದ 600 ಮೀಟರಿನ ಆಸುಪಾಸು. ಕಾರವಾರದಲ್ಲಿ 1010 ಇರುವ ದಿನ ನಮ್ಮಲ್ಲಿ 943ರ ಸುಮಾರು ಇರುವುದು ಸಹಜ. ಸಮುದ್ರಮಟ್ಟಕ್ಕೆ ಹೊಂದಿಸಿದ ಸಂಖ್ಯೆ ಬೇಕಿದ್ದರೆ ಸೆಟ್ಟಿಂಗಿನಲ್ಲಿ ನಿಮ್ಮ ಮನೆಯ ಎತ್ತರ ಹಾಕಿ.

ಗೆರೆ ಗೆರೆ ಬರುತ್ತದೆ, ಸಂಖ್ಯೆ ಇಲ್ಲ

ಇಲ್ಲಂತೂ ಗಡಿಯಾರವೇ ಎಲ್ಲ ಹೇಳಿಬಿಡುತ್ತದೆ. ರಾತ್ರಿ ಎರಡಕ್ಕೆ ಹೋಗಿ ಬೆಳಿಗ್ಗೆ ಒಂಬತ್ತಕ್ಕೆ ತಾನಾಗಿ ಬಂದರೆ ಬ್ಯಾಟರಿ ಮುಗಿದಿದೆ, ಹಗಲು ಸೋಲಾರ್ ಒಂದೇ ಎಳೆಯುತ್ತಿದೆ. ಮಳೆಗಾಲದಲ್ಲಿ ವಾರಗಟ್ಟಲೆ ಬಿಸಿಲು ಇಲ್ಲದಾಗ ಇದು ಮಾಮೂಲು. ಚಾರ್ಜ್ ಮಾಡುವ ಸೆಲ್ 1.2 ವೋಲ್ಟಿನದು. 1.5 ವೋಲ್ಟ್ ಬೇಡುವ ಯಂತ್ರಕ್ಕೆ ಅದನ್ನು ಹಾಕಿದರೆ ಮೊದಲ ದಿನದಿಂದಲೇ ಅರೆಹೊಟ್ಟೆ. ಜೂನ್ ಬರುವ ಮುಂಚೆ ಹೊಸ ಸೆಲ್ ಹಾಕಿ, ಹಾಕಿದ ತಾರೀಕನ್ನು ಮುಚ್ಚಳದ ಒಳಗೆ ಮಾರ್ಕರ್ ಪೆನ್ನಿನಲ್ಲಿ ಬರೆಯಿರಿ. ಕಾರವಾರದ ಕಡೆಯವರು ಸ್ಪ್ರಿಂಗಿಗೆ ಹಸಿರು ಕಿಲುಬು ಬಂದಿದೆಯಾ ನೋಡಿ. ನಿಂಬೆಹಣ್ಣಿನ ರಸ ಹಚ್ಚಿ ತಿಕ್ಕಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಪೂರ್ತಿ ಒಣಗಿಸಿ, ಚೂರು ವ್ಯಾಸಲಿನ್ ಸವರಿದರೆ ಒಂದು ವರ್ಷ ತಡೆಯುತ್ತದೆ.

ಮಳೆ ಬರುವಾಗ ಮಾತ್ರ ಸಿಗ್ನಲ್ ಹೋಗಿ, ಹೊಳವಾದ ಮೇಲೆ ಬಂದರೆ ನಡುವೆ ಸೊಪ್ಪು ಇದೆ. ಒದ್ದೆ ಎಲೆ ಸಿಗ್ನಲನ್ನು ಚೆನ್ನಾಗಿಯೇ ನುಂಗುತ್ತದೆ. ನಮ್ಮ ಹಳೆ ಮನೆಗಳ ದಪ್ಪ ಚಿರೆಕಲ್ಲಿನ ಗೋಡೆಯೂ ಕಮ್ಮಿಯೇನಲ್ಲ. ಡಿಸ್‌ಪ್ಲೇಯನ್ನು ನಡುಮನೆಯಿಂದ ಜಗಲಿಯ ಕಿಟಕಿಗೆ ತಂದದ್ದೇ ನಮ್ಮಲ್ಲಿ ಸಾಕಾಯಿತು. ಹೊರಗಿನ ಸಂಖ್ಯೆಗಳೆಲ್ಲ ಸರಿ ಬಂದು ಮೊಬೈಲಿಗೆ ಮಾತ್ರ ಬರದಿದ್ದರೆ ಅದು ವೈಫೈ ಸಮಾಚಾರ. ಈ ಯಂತ್ರಗಳಲ್ಲಿ ಹೆಚ್ಚಿನವಕ್ಕೆ 2.4 ಗಿಗಾಹರ್ಟ್ಸ್ ವೈಫೈ ಮಾತ್ರ ಹಿಡಿಯುತ್ತದೆ. ಕರೆಂಟ್ ಹೋಗಿ ಬಂದ ಮೇಲೆ ರೂಟರ್ ಎದ್ದರೂ ಇದು ಏಳದಿದ್ದರೆ ಒಮ್ಮೆ ಪ್ಲಗ್ ಕಿತ್ತು ಹಾಕಿ.

ಕೊನೆಗೆ ಉಳಿದದ್ದು ಹೊತ್ತುಗೊತ್ತಿಲ್ಲದ ದೋಷ. ಹೋದ ಮಾರ್ಚಿನಲ್ಲಿ ಒಂದು ದಿನ, ಆಕಾಶದಲ್ಲಿ ಹತ್ತಿಯಷ್ಟೂ ಮೋಡವಿಲ್ಲ, ಹನ್ನೊಂದೂ ಇಪ್ಪತ್ತಕ್ಕೆ 4.2 ಮಿಮೀ ಮಳೆ, ಎಲ್ಲ ಒಂದೇ ನಿಮಿಷದಲ್ಲಿ. 0.3ರಂತೆ ಹದಿನಾಲ್ಕು ವಾಲಾಟ. ಅದೇ ನಿಮಿಷ ಗಾಳಿಯ ವೇಗ ಸೊನ್ನೆ, ದಿಕ್ಕು ಮಾತ್ರ ಗರಗರ ಸುತ್ತಿದೆ. ಕಂಬ ಅಲುಗಾಡಿದರೆ ಬಟ್ಟಲು ಸುಮ್ನೆ ವಾಲುತ್ತದೆ ಅಂತ ಗೊತ್ತಿತ್ತು, ಬೋಲ್ಟ್ ಸಡಿಲವಿರಬೇಕು ಅಂತ ಸ್ಪ್ಯಾನರ್ ಹಿಡಿದು ಹೊರಟೆ. ಗಾಳಿಬಟ್ಟಲನ್ನು ಒಂದು ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡು, ಇನ್ನೊಂದು ಕೈಯಲ್ಲಿ ದಿಕ್ಕಿನ ಬಾಲ ತಿರುಗಿಸುತ್ತಾ, ಕಂಬದ ತುದಿಯಲ್ಲಿ ಮಂಗವೊಂದು ಕುಳಿತಿತ್ತು. ಕೆಳಗೆ ಇನ್ನೂ ಮೂರು ಸರದಿ ಕಾಯುತ್ತಿದ್ದವು. ಕಂಬಕ್ಕೆ ಈಗ ಎದೆಯೆತ್ತರದಿಂದ ಮೇಲೆ ನುಣುಪಾದ ಪಿವಿಸಿ ಪೈಪು ಹೊದಿಸಿದ್ದೇನೆ. ಎರಡು ಸಲ ಜಾರಿ ಬಿದ್ದಿವೆ. ಮೂರನೆಯದು ಪಕ್ಕದ ಪೇರಲೆ ಗಿಡದಿಂದ ನೇರ ಹಾರಿತು, ಹಾಗಾಗಿ ಈ ಭಾನುವಾರ ಪೇರಲೆಯ ಒಂದು ಟೊಂಗೆ ಕಡಿಯಬೇಕು.